‘ಗ್ರೀಡ್’ ತೋರಿಸುವ ಮೊದಲು ಯಾವ ‘ಗ್ರೀಡ್’ ಎಂದು ಹೇಳಿ

ಕರ್ನಾಟಕದ ಚಿತ್ರ ಸಮಾಜಗಳ ಹಾಗೂ ಕಾಲೇಜು ಸಿನಿಮಾ ಬಳಗಗಳ ಸಂಘಟಕರಿಗೆ,

ವಿಷಯ: 1924ರ ಮೂಕಿ ಚಿತ್ರ ‘ಗ್ರೀಡ್’ನ ಪ್ರದರ್ಶನ ಮತ್ತು ಅದರ ಸುತ್ತ ನಡೆಯುವ ವಾದಗಳ ಬಗ್ಗೆ.

ಮಾನ್ಯರೆ,

ಎರಿಕ್ ಫಾನ್ ಸ್ಟ್ರೋಹೈಮ್ ನಿರ್ದೇಶಿಸಿದ ‘ಗ್ರೀಡ್’ಗೆ ನೂರು ವರ್ಷ ದಾಟಿದೆ. ಫ್ರಾಂಕ್ ನಾರಿಸ್ 1899ರಲ್ಲಿ ಪ್ರಕಟಿಸಿದ ‘ಮ್ಯಾಕ್‌ಟೀಗ್’ ಎಂಬ 22 ಅಧ್ಯಾಯಗಳ ದೊಡ್ಡ ಕಾದಂಬರಿ ಇದರ ಮೂಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಲ್ಲಿನ ವೈದ್ಯನಾಗಿರುವ ಗಟ್ಟಿ ಮೈಯ, ಮಂದ ಬುದ್ಧಿಯ ಮ್ಯಾಕ್‌ಟೀಗ್ ತನ್ನ ಗೆಳೆಯ ಮಾರ್ಕಸ್‌ ಇಷ್ಟಪಟ್ಟಿದ್ದ ಟ್ರೀನಾಳನ್ನು ಮದುವೆಯಾಗುತ್ತಾನೆ. ಆಕೆಗೆ ಲಾಟರಿಯಲ್ಲಿ 5,000 ಡಾಲರ್ ಬರುತ್ತದೆ. ಆ ದುಡ್ಡಿನಲ್ಲಿ ಒಂದು ಕಾಸನ್ನೂ ಆಕೆ ಮುಟ್ಟಗೊಡುವುದಿಲ್ಲ. ಮಾರ್ಕಸ್‌ ಹೊಟ್ಟೆಕಿಚ್ಚಿನಿಂದ ದೂರು ಕೊಟ್ಟು, ಪರವಾನಗಿ ಇಲ್ಲದ ಮ್ಯಾಕ್‌ಟೀಗ್‌ನ ವೃತ್ತಿಯನ್ನೇ ಕಳೆಯುತ್ತಾನೆ. ಅಲ್ಲಿಂದ ಬಡತನ, ಹೊಡೆತ, ಕೊಲೆ, ಕೊನೆಗೆ ಕ್ಯಾಲಿಫೋರ್ನಿಯಾದ ಮರುಭೂಮಿ ಡೆತ್ ವ್ಯಾಲಿಯ ಉಪ್ಪುನೆಲ. ನಗುವಿಗೆ ಜಾಗವೇ ಇಲ್ಲದ ಕತೆ ಎಂದು ಬಹಳ ಜನ ಹೇಳುತ್ತಾರೆ. ಆ ಮಾತು ಎಷ್ಟು ಸರಿ ಎಂಬುದಕ್ಕೆ ಮುಂದೆ ಬರುತ್ತೇವೆ.

ಈ ಚಿತ್ರ ತೋರಿಸಿದ ಕಡೆಯಲ್ಲೆಲ್ಲ ಆಮೇಲಿನ ಚರ್ಚೆ ಕಾವೇರುತ್ತದೆ. ಸ್ಟುಡಿಯೊದವರು ಮಹಾಕೃತಿಯನ್ನು ಕೊಂದರು ಎನ್ನುತ್ತಾರೆ ಕೆಲವರು. ಕತ್ತರಿಸಿದ್ದರಿಂದಲೇ ಚಿತ್ರ ಬಿಗಿಯಾಯಿತು ಎಂಬುದು ಇನ್ನು ಕೆಲವರ ವಾದ. ಕಾದಂಬರಿಯನ್ನು ಪುಟ ಬಿಡದೆ ಚಿತ್ರಿಸಿದ್ದೇ ನಿರ್ದೇಶಕನ ತಪ್ಪು ಎನ್ನುವವರಿದ್ದಾರೆ. ಇಷ್ಟು ಕತ್ತಲೆ ಯಾಕೆ ಬೇಕು ಎಂದು ನಡುವೆಯೇ ಎದ್ದು ಹೋಗುವವರೂ ಇದ್ದಾರೆ. ಅಭಿಪ್ರಾಯ ಬೇರೆಬೇರೆಯಾಗಲಿ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ವಾದ ಮಾಡುವವರು ಒಂದೇ ಚಿತ್ರವನ್ನು ನೋಡಿರುವುದಿಲ್ಲ, ಮತ್ತು ಹಾಗಿಲ್ಲ ಎಂಬುದು ಅವರಿಗೆ ಗೊತ್ತೂ ಇರುವುದಿಲ್ಲ. ಆ ತಪ್ಪು ಪ್ರೇಕ್ಷಕರದ್ದಲ್ಲ, ಚಿತ್ರ ತೋರಿಸುವ ನಮ್ಮ ನಿಮ್ಮಂಥವರದ್ದು. ಕರಪತ್ರದಲ್ಲಿ ‘ಗ್ರೀಡ್, 1924’ ಎಂದಷ್ಟೇ ಅಚ್ಚಾಗಿರುತ್ತದೆ. ಎಷ್ಟು ನಿಮಿಷದ ಪ್ರತಿ, ಯಾವ ವೇಗ, ಯಾವ ಸಂಗೀತ ಎಂಬ ಸುಳಿವೇ ಇರುವುದಿಲ್ಲ. ಪೀಠಿಕೆ ಹೇಳಲು ಬಂದವರು ‘ಎಂಟು ಗಂಟೆಯ ಚಿತ್ರವಿದು’ ಎನ್ನುತ್ತಾರೆ, ಪರದೆಯ ಮೇಲೆ ಎರಡೇ ಗಂಟೆಯಲ್ಲಿ ಚಿತ್ರ ಮುಗಿಯುತ್ತದೆ. ಉಳಿದ ಆರು ಗಂಟೆಯ ಬಗ್ಗೆ, ಅದನ್ನು ಯಾರೂ ನೋಡಿಲ್ಲದಿದ್ದರೂ, ಎಲ್ಲರೂ ತೀರ್ಪು ಕೊಡುತ್ತಾರೆ.

ಮೊದಲು ಲೆಕ್ಕ ನೇರ ಮಾಡಿಕೊಳ್ಳೋಣ. ಸ್ಟ್ರೋಹೈಮ್ 1923ರಲ್ಲಿ ಈ ಚಿತ್ರವನ್ನು ಗೋಲ್ಡ್‌ವಿನ್ ಕಂಪನಿಗಾಗಿ ಚಿತ್ರೀಕರಿಸಿದರು. 1924ರ ಜನವರಿಯಲ್ಲಿ ಬೆರಳೆಣಿಕೆಯ ಜನರಿಗೆ ತೋರಿಸಿದ ಮೊದಲ ಜೋಡಣೆ ಸುಮಾರು 42 ರೀಲು, ಅಂದರೆ ಫಿಲ್ಮಿನ 42 ಸುರುಳಿ, ಇತ್ತು. ತಾವೇ ಕೂತು ಅದನ್ನು 24 ರೀಲಿನ ಆಸುಪಾಸಿಗೆ ಇಳಿಸಿದರು. ಎರಡು ಸಂಜೆ ತೋರಿಸಬಹುದು ಎಂಬುದು ಅವರ ಆಸೆ. ಅಷ್ಟರಲ್ಲಿ, ಏಪ್ರಿಲ್‌ನಲ್ಲಿ, ಗೋಲ್ಡ್‌ವಿನ್ ಕಂಪನಿ ಮೆಟ್ರೊ ಮತ್ತು ಮೇಯರ್ ಕಂಪನಿಗಳ ಜೊತೆ ವಿಲೀನವಾಯಿತು. ಹೊಸ ಕಂಪನಿಯಲ್ಲಿ ನಿರ್ಮಾಣದ ಹೊಣೆ ಹೊತ್ತವರು ಇರ್ವಿಂಗ್ ಥಾಲ್ಬರ್ಗ್, 1922ರಲ್ಲಿ ಬೇರೊಂದು ಸ್ಟುಡಿಯೊದಲ್ಲಿ ಸ್ಟ್ರೋಹೈಮ್‌ರನ್ನು ಚಿತ್ರದ ನಡುವೆಯೇ ಕೆಲಸದಿಂದ ತೆಗೆದಿದ್ದವರು. ಸ್ಟ್ರೋಹೈಮ್ ತಮ್ಮ ಗೆಳೆಯ, ನಿರ್ದೇಶಕ ರೆಕ್ಸ್ ಇಂಗ್ರಮ್ ಕೈಗೆ ಚಿತ್ರ ಕೊಟ್ಟರು. ಇಂಗ್ರಮ್‌ರ ಸಂಕಲನಕಾರ ಗ್ರಾಂಟ್ ವೈಟಾಕ್ ಅದನ್ನು 18 ರೀಲಿಗೆ ತಂದರು. ಅದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸ್ಟುಡಿಯೊದ ಮಂದಿ 10 ರೀಲಿಗೆ ಇಳಿಸಿ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆ ಮಾಡಿದರು. ಈಗ ಉಳಿದಿರುವುದು ಈ 10 ರೀಲು ಮಾತ್ರ.

ಹಾಗಾದರೆ ಮೊದಲಿನದು ಎಷ್ಟು ಗಂಟೆಯ ಚಿತ್ರ? ಒಬ್ಬರು ಎಂಟು ಎನ್ನುತ್ತಾರೆ, ಇನ್ನೊಬ್ಬರು ಒಂಬತ್ತೂವರೆ, ಮತ್ತೊಬ್ಬರು ಹತ್ತು. ಬಹಳಷ್ಟು ಸಲ ಎಲ್ಲರೂ ಒಂದೇ ಉದ್ದದ ಫಿಲ್ಮಿನ ಬಗ್ಗೆಯೇ ಮಾತಾಡುತ್ತಿರುತ್ತಾರೆ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು, ಅಂದರೆ 16 ಬಿಡಿ ಚಿತ್ರ. ತುಂಬಿದ ಒಂದು ರೀಲು 1,000 ಅಡಿ, ಅಂದರೆ 16,000 ಫ್ರೇಮು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಒಂದು ರೀಲು 11 ನಿಮಿಷ ಚಿಲ್ಲರೆ. 20ರಂತೆ ಓಡಿಸಿದರೆ 13 ನಿಮಿಷ 20 ಸೆಕೆಂಡು. ಈ ಲೆಕ್ಕದಲ್ಲಿ 42 ರೀಲು 24ರ ವೇಗದಲ್ಲಿ 7 ಗಂಟೆ 47 ನಿಮಿಷ, 20ರಲ್ಲಿ 9 ಗಂಟೆ 20 ನಿಮಿಷ, 18ರಲ್ಲಿ 10 ಗಂಟೆ 22 ನಿಮಿಷ. ಮೂಕಿ ಕಾಲದಲ್ಲಿ ಕ್ಯಾಮರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಪ್ರೊಜೆಕ್ಟರಿನ ವೇಗ ಥಿಯೇಟರಿನಿಂದ ಥಿಯೇಟರಿಗೆ ಬದಲಾಗುತ್ತಿತ್ತು. ಆದ್ದರಿಂದ ಮೂಕಿ ಚಿತ್ರದ ಉದ್ದವನ್ನು ಗಂಟೆಯಲ್ಲಿ ಹೇಳುವ ಬದಲು ರೀಲಿನಲ್ಲೋ ಅಡಿಯಲ್ಲೋ ಹೇಳುವುದೇ ನ್ಯಾಯ. ದಯವಿಟ್ಟು ನಿಮ್ಮ ಕರಪತ್ರದಲ್ಲೂ ಹಾಗೆ ಹಾಕಿ.

ವೇಗದ ವಿಷಯ ಕಾಗದದ ಲೆಕ್ಕಕ್ಕೆ ಮುಗಿಯುವುದಿಲ್ಲ. ಉಳಿದಿರುವ 10 ರೀಲು 20ರ ವೇಗದಲ್ಲಿ ಸುಮಾರು 133 ನಿಮಿಷ, 24ರಲ್ಲಿ 111 ನಿಮಿಷ, 25ರಲ್ಲಿ 107 ನಿಮಿಷ. ನಿಮ್ಮ ಕೈಗೆ ಸಿಕ್ಕ ವಿಡಿಯೊ ಕಡತ 107 ಅಥವಾ 111 ನಿಮಿಷದ್ದಾಗಿದ್ದರೆ ಮೂಲದ ಒಂದೊಂದು ಫ್ರೇಮನ್ನೂ ವಿಡಿಯೊದ ಒಂದೊಂದು ಫ್ರೇಮಾಗಿ ಇಳಿಸಿದ್ದಾರೆ ಎಂದೇ ಅರ್ಥ. ಅದನ್ನು ಹಾಗೇ ಹಾಕಿದರೆ ಜನ ಚುರುಕುಚುರುಕಾಗಿ, ಗೊಂಬೆಗಳಂತೆ ನಡೆಯುತ್ತಾರೆ. ಮದುವೆಯ ಊಟದ ದೃಶ್ಯವನ್ನೇ ನೋಡಿ. ಎಲುಬು ಚೀಪುವ, ಬಾಯ್ತುಂಬ ತುರುಕಿಕೊಳ್ಳುವ ಆ ಮಂದಿ ಸರಿಯಾದ ವೇಗದಲ್ಲಿ ಅಸಹ್ಯ ಹುಟ್ಟಿಸುತ್ತಾರೆ, ಒಂದಿಷ್ಟು ಭಯವನ್ನೂ. ವೇಗ ಹೆಚ್ಚಾದರೆ ಸಭೆ ಗೊಳ್ಳೆನ್ನುತ್ತದೆ. ಆಮೇಲಿನ ಚರ್ಚೆಯಲ್ಲಿ ಒಬ್ಬರು ‘ನಟನೆ ತೀರಾ ಅತಿಯಾಯಿತು’ ಎನ್ನುತ್ತಾರೆ. ಟ್ರೀನಾಳ ಪಾತ್ರದಲ್ಲಿ ಝೇಸು ಪಿಟ್ಸ್ ಮಾಡಿದ ಕೆಲಸವನ್ನು ಈ ಮಾತಿನಿಂದ ಅಳೆಯುವುದು ದೊಡ್ಡ ಅನ್ಯಾಯ. ಅತಿಯಾಗಿದ್ದು ಓಡಿಸಿದ ವೇಗ.

ಸರಿಪಡಿಸಲು ಹೆಚ್ಚು ಕಷ್ಟವಿಲ್ಲ. ವಿಎಲ್‌ಸಿಯಂಥ ಪ್ಲೇಯರಿನಲ್ಲಿ ಓಟದ ವೇಗವನ್ನು 24ರ ಕಡತಕ್ಕೆ 0.83ಕ್ಕೆ, 25ರ ಕಡತಕ್ಕೆ 0.80ಕ್ಕೆ ಇಳಿಸಿದರೆ 20ರ ವೇಗ ಸಿಗುತ್ತದೆ. 20 ಎಂಬುದೇ ವೇದವಾಕ್ಯವಲ್ಲ, ಕೆಲವು ದೃಶ್ಯಗಳಿಗೆ 22 ಹೊಂದಬಹುದು. ಬೀದಿಯಲ್ಲಿ ನಡೆಯುವವರ ಹೆಜ್ಜೆ ನೋಡಿ ನಿರ್ಧರಿಸಿ. ಹೀಗೆ ಇಳಿಸಿದಾಗ ಕಡತದೊಳಗಿನ ಸಂಗೀತವೂ ಎಳೆದಾಡಿದಂತಾಗುತ್ತದೆ. ಅದನ್ನು ಪೂರ್ತಿ ನಿಲ್ಲಿಸಿ, ಹೊರಗಿನಿಂದ ಪಿಯಾನೊ ಅಥವಾ ಪಿಟೀಲು ನುಡಿಸುವವರನ್ನು ಕೂರಿಸಿ. ಯಾರೂ ಸಿಗದಿದ್ದರೆ ಮೌನವೇ ಇರಲಿ. ಸಿಕ್ಕಸಿಕ್ಕ ಸಿಂಫನಿಯ ತುಣುಕು ಹಚ್ಚುವುದಕ್ಕಿಂತ ಅದು ಎಷ್ಟೋ ಮೇಲು. ಒಂದು ಎಚ್ಚರಿಕೆ: ಕಡತ 130 ನಿಮಿಷಕ್ಕಿಂತ ಉದ್ದವಿದ್ದರೆ ವೇಗವನ್ನು ಆಗಲೇ ಇಳಿಸಿದ್ದಾರೆ, ಮತ್ತೆ ಇಳಿಸಬೇಡಿ.

ಪರದೆಯ ಆಕಾರವೂ ಕೆಡುತ್ತದೆ. ಇದು 4:3ರ ಚಿತ್ರ, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಪ್ರೊಜೆಕ್ಟರು 16:9ಕ್ಕೆ ಹೊಂದಿಕೊಂಡಿದ್ದರೆ ಎರಡೂ ಬದಿ ಕಪ್ಪು ಪಟ್ಟಿ ಬರಬೇಕು. ಪಟ್ಟಿ ಕಾಣದಿದ್ದರೆ ಚಿತ್ರವನ್ನು ಅಡ್ಡ ಎಳೆದಿದ್ದಾರೆ, ಇಲ್ಲವೇ ತಲೆ ಕಾಲು ಕತ್ತರಿಸಿದ್ದಾರೆ. ಟಿವಿಯಲ್ಲಿ ತೋರಿಸುವುದಾದರೆ ಚಲನೆ ನುಣುಪು ಮಾಡುವ ಸೌಲಭ್ಯವನ್ನು ನಿಲ್ಲಿಸಿ.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ‘ಕತ್ತಲೆಯ ಚಿತ್ರ’ ಎಂಬ ದೂರಿನ ಒಂದು ಪಾಲು ನಮ್ಮ ಪ್ರೊಜೆಕ್ಟರುಗಳದ್ದು. ಸ್ಟ್ರೋಹೈಮ್ ಸ್ಟುಡಿಯೊದಲ್ಲಿ ಸೆಟ್ಟು ಹಾಕಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಹೇಯ್ಸ್ ಮತ್ತು ಲಗೂನಾ ಬೀದಿಗಳು ಕೂಡುವಲ್ಲಿ ನಿಜವಾದ ಕಟ್ಟಡವೊಂದನ್ನು ಹಿಡಿದು ಅದರ ಕೋಣೆಗಳಲ್ಲೇ ಚಿತ್ರೀಕರಿಸಿದರು. ಛಾಯಾಗ್ರಾಹಕರು ಬೆನ್ ರೆನಾಲ್ಡ್ಸ್ ಮತ್ತು ವಿಲಿಯಂ ಡೇನಿಯಲ್ಸ್. ಮದುವೆಯ ದೃಶ್ಯದಲ್ಲಿ ಒಳಗೆ ಪಾದ್ರಿ ವಿಧಿ ನಡೆಸುತ್ತಿರುವಾಗ ಹಿಂದಿನ ಕಿಟಕಿಯಾಚೆ, ಕೆಳಗಿನ ಬೀದಿಯಲ್ಲಿ, ಶವಯಾತ್ರೆಯೊಂದು ಸಾಗುತ್ತದೆ. ಒಂದೇ ಚೌಕಟ್ಟಿನಲ್ಲಿ ಮದುವೆಯೂ ಹೆಣವೂ ಇವೆ, ಹತ್ತಿರದ್ದೂ ದೂರದ್ದೂ ಎರಡೂ ನಿಚ್ಚಳ. ಇಡೀ ಚಿತ್ರದ ಭವಿಷ್ಯ ಆ ಕಿಟಕಿಯಲ್ಲಿದೆ. ಪ್ರೊಜೆಕ್ಟರನ್ನು ‘ವಿವಿಡ್’ ಅಥವಾ ‘ಡೈನಮಿಕ್’ ಮೋಡಿನಲ್ಲಿಟ್ಟರೆ ಕಿಟಕಿ ಬರೀ ಬಿಳಿ ಚೌಕವಾಗುತ್ತದೆ, ಶವಯಾತ್ರೆ ಮಾಯವಾಗುತ್ತದೆ. ಸಭಾಂಗಣದ ಕಿಟಕಿಗಳ ಪರದೆ ಅರ್ಧ ತೆರೆದಿದ್ದರೆ ಕೋಣೆಯೊಳಗಿನ ಕಪ್ಪು ಬೂದಿಬಣ್ಣಕ್ಕೆ ತಿರುಗಿ ಮುಖಗಳು ಮಸಕಾಗುತ್ತವೆ. ಹಾಗಾಗಿ ಪ್ರದರ್ಶನದ ಹಿಂದಿನ ದಿನ ಈ ದೃಶ್ಯದಲ್ಲಿ ಚಿತ್ರ ನಿಲ್ಲಿಸಿ ನೋಡಿ. ಮೋಡನ್ನು ‘ಸಿನಿಮಾ’ಕ್ಕೆ ತನ್ನಿ. ಕಿಟಕಿಯಾಚೆಯ ಮೆರವಣಿಗೆ ಕಾಣುವವರೆಗೆ ಕಾಂಟ್ರಾಸ್ಟ್ ಇಳಿಸಿ, ಆಮೇಲೆ ಮದುಮಗನ ಕಪ್ಪು ಕೋಟಿನ ಮಡಿಕೆ ಗೊತ್ತಾಗುವವರೆಗೆ ಬ್ರೈಟ್‌ನೆಸ್ ಏರಿಸಿ. ಎರಡೂ ಒಟ್ಟಿಗೆ ಕಂಡರೆ ಉಳಿದ ಚಿತ್ರವೂ ಕಾಣುತ್ತದೆ.

ಇನ್ನು ಪೀಠಿಕೆ ಹೇಳುವವರ ಮಾತಿಗೆ ಬರೋಣ. ‘ಸ್ಟ್ರೋಹೈಮ್ ಕಾದಂಬರಿಯನ್ನು ಪುಟಪುಟವಾಗಿ, ಒಂದಕ್ಷರ ಬಿಡದೆ ಚಿತ್ರೀಕರಿಸಿದರು’ ಎಂಬ ಮಾತು ನೂರು ವರ್ಷದಿಂದ ಉರುಳುತ್ತಾ ಬಂದಿದೆ. ಕಾದಂಬರಿಯನ್ನು ಓದಿದವರು ಇದನ್ನು ಹೇಳಲಾರರು. ಕಾದಂಬರಿ ಶುರುವಾಗುವುದು ಒಂದು ಭಾನುವಾರ, ಊಟ ಮುಗಿಸಿ ತನ್ನ ದವಾಖಾನೆಯಲ್ಲಿ ಕೂತ ಮ್ಯಾಕ್‌ಟೀಗ್‌ನಿಂದ. ಅವನ ಗಣಿಯ ದಿನಗಳು, ಕುಡುಕ ತಂದೆ, ಅಡುಗೆ ಮಾಡುತ್ತಿದ್ದ ತಾಯಿ, ಊರೂರು ತಿರುಗುವ ಹಲ್ಲು ಕೀಳುವವನ ಹಿಂದೆ ಹೋದದ್ದು, ಇವೆಲ್ಲ ಮೊದಲ ಅಧ್ಯಾಯದಲ್ಲಿ ನೆನಪಾಗಿ ಒಂದೆರಡು ಪ್ಯಾರಾದಲ್ಲಿ ಮುಗಿಯುತ್ತವೆ. ಸ್ಟ್ರೋಹೈಮ್ ಅದನ್ನೇ ಹಿಗ್ಗಿಸಿ ಉದ್ದನೆಯ ಪೂರ್ವಭಾಗ ಮಾಡಿದರು. ಕತೆಯ ಕಾಲವನ್ನೂ ಮುಂದಕ್ಕೆ ತಂದರು, ಚಿತ್ರ 1908ರಲ್ಲಿ ಶುರುವಾಗುತ್ತದೆ. ಕೊನೆಯ ದೃಶ್ಯವನ್ನೂ ಬದಲಿಸಿದರು. ಕಾದಂಬರಿಯಲ್ಲಿ ಅವನು ಸಾಕಿದ ಕ್ಯಾನರಿ ಹಕ್ಕಿ ಪಂಜರದೊಳಗೇ ಸೊರಗಿ ಕಿಚಗುಡುತ್ತಿರುತ್ತದೆ, ಚಿತ್ರದಲ್ಲಿ ಮ್ಯಾಕ್‌ಟೀಗ್ ಪಂಜರ ತೆರೆದು ಅದನ್ನು ಬಿಡುತ್ತಾನೆ. ಕಾದಂಬರಿಯ ಮೇಲೆ ಅವರಿಗಿದ್ದ ನಿಷ್ಠೆ ದೊಡ್ಡದು, ಅದು ನಿಜ. ಆದರೆ ಅದು ನಕಲುಗಾರನ ನಿಷ್ಠೆಯಲ್ಲ. ನಾರಿಸ್ ಎರಡು ಸಾಲಿನಲ್ಲಿ ಹೇಳಿದ್ದಕ್ಕೆ ಹಿಂದುಮುಂದು ಏನಿರಬಹುದು ಎಂದು ಕೇಳಿಕೊಂಡು, ಅದನ್ನು ಕಣ್ಣೆದುರು ತಂದವರು ಅವರು.

‘ಈ ಚಿತ್ರದಲ್ಲಿ ಬೆಳಕೇ ಇಲ್ಲ’ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಬೆಳಕು ಇತ್ತು, ಕತ್ತರಿಯ ಪಾಲಾಯಿತು. ಕಾದಂಬರಿಯಲ್ಲಿ ಮುಖ್ಯ ಕತೆಯ ಎರಡೂ ಬದಿಗೆ ಎರಡು ಉಪಕತೆಗಳಿವೆ. ಒಂದು ಬದಿ ಗುಜರಿ ವ್ಯಾಪಾರಿ ಝರ್ಕೋವ್ ಮತ್ತು ಮರಿಯಾ ಮಕಾಪಾ. ತನ್ನ ಮನೆತನದಲ್ಲಿ ಚಿನ್ನದ ತಟ್ಟೆಗಳ ಸೆಟ್ಟೊಂದು ಇತ್ತೆಂದು ಆಕೆ ಹೇಳುವ ಕತೆಯನ್ನು ಕೇಳಿಕೇಳಿ ಅವನಿಗೆ ಹುಚ್ಚು ಹಿಡಿಯುತ್ತದೆ, ಕೊನೆಗೆ ಅವಳನ್ನು ಕೊಲ್ಲುತ್ತಾನೆ. ಇನ್ನೊಂದು ಬದಿ ಮುದುಕ ಗ್ರಾನಿಸ್ ಮತ್ತು ಮಿಸ್ ಬೇಕರ್. ಒಂದೇ ಮಹಡಿಯ ಅಕ್ಕಪಕ್ಕದ ಕೋಣೆಗಳಲ್ಲಿ, ನಡುವೆ ತೆಳು ಗೋಡೆ. ಇಬ್ಬರೂ ತಂತಮ್ಮ ಕಡೆ ಕೂತು ಆಚೆಯ ಸದ್ದು ಕೇಳುತ್ತಾ ವರ್ಷಗಟ್ಟಲೆ ಮಾತಾಡದೆ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಆ ಕಟ್ಟಡದಲ್ಲಿ ದುಡ್ಡಿನ ಗೀಳು ತಟ್ಟದ ಇಬ್ಬರೆಂದರೆ ಇವರೇ. ಸ್ಟ್ರೋಹೈಮ್ ಎರಡೂ ಕತೆಗಳನ್ನು ಚಿತ್ರೀಕರಿಸಿದ್ದರು. 10 ರೀಲಿಗೆ ಇಳಿಸುವಾಗ ಎರಡೂ ಹೋದವು. ಝರ್ಕೋವ್ ಹೋದದ್ದರಿಂದ ಟ್ರೀನಾಳ ಜಿಪುಣತನ ಅವಳೊಬ್ಬಳ ರೋಗವೆಂಬಂತೆ ಕಾಣತೊಡಗಿತು. ಮುದಿ ಜೋಡಿ ಹೋದದ್ದರಿಂದ ಉಸಿರು ಬಿಡುವ ಜಾಗ ಹೋಯಿತು. ಚಿತ್ರ ತಾನು ಹುಟ್ಟಿದ್ದಕ್ಕಿಂತ ಕಪ್ಪಾಯಿತು. ಇದನ್ನು ಹೇಳದೆ ಚಿತ್ರ ತೋರಿಸಿ, ಆಮೇಲೆ ‘ನಿರ್ದೇಶಕನಿಗೆ ಮನುಷ್ಯರ ಮೇಲೆ ಕರುಣೆಯೇ ಇಲ್ಲ’ ಎಂಬ ತೀರ್ಮಾನಕ್ಕೆ ಸಭೆಯನ್ನು ಬಿಡುವುದು ತಪ್ಪು.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ. ಉಳಿದ 10 ರೀಲು ಅವಶೇಷ ಮಾತ್ರವಲ್ಲ, ತನ್ನ ಕಾಲ ಮೇಲೆ ನಿಲ್ಲುವ ಚಿತ್ರ. ಬಿಡುಗಡೆಯಾದಾಗ ವಿಮರ್ಶಕರಲ್ಲಿ ಬಹಳ ಮಂದಿ ಅದನ್ನು ಹೊಲಸು ಎಂದು ಬೈದರು, ಹಾಕಿದ ದುಡ್ಡು ಮರಳಲಿಲ್ಲ. 1952ರ ಹೊತ್ತಿಗೆ ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಲೋಕದ ಹತ್ತು ಶ್ರೇಷ್ಠ ಚಿತ್ರಗಳನ್ನು ವಿಮರ್ಶಕರಿಂದ ಆರಿಸಿದಾಗ ಅದೇ 10 ರೀಲು ಪಟ್ಟಿಯಲ್ಲಿತ್ತು. ಡೆತ್ ವ್ಯಾಲಿಯ ಕೊನೆಯ ಭಾಗವನ್ನು 1923ರ ಬೇಸಿಗೆಯಲ್ಲಿ ಅಲ್ಲೇ ತೆಗೆದರು. ಉಷ್ಣತೆ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್‌ ಮುಟ್ಟುತ್ತಿತ್ತು. ಮಾರ್ಕಸ್ ಪಾತ್ರದ ಜೀನ್ ಹರ್ಷಾಲ್ಟ್ ಆಸ್ಪತ್ರೆ ಸೇರಬೇಕಾಯಿತು. ನಟರನ್ನು ಹಾಗೆ ಬೇಯಿಸಿದ್ದನ್ನು ಸಾಹಸವೆಂದು ಹೊಗಳುವುದು ನಮಗೆ ಒಪ್ಪಿಗೆಯಿಲ್ಲ. ಪರದೆಯ ಮೇಲೆ ಕಾಣುವುದು ಮಾತ್ರ ಬೇರೆಲ್ಲೂ ಸಿಗದಂಥದ್ದು.

ಸ್ಟುಡಿಯೊ ಪರವಾಗಿ ಮಾತಾಡುವವರ ಒಂದು ವಾದವನ್ನು ಕನ್ನಡ ನಾಡಿನಲ್ಲಿ ಕೇಳಿದಾಗ ನಮಗೆ ವಿಶೇಷವಾಗಿ ಬೇಸರವಾಗುತ್ತದೆ: ಒಂಬತ್ತು ಗಂಟೆ ಯಾರು ಕೂರುತ್ತಾರೆ ಎಂಬುದು. ಬೆಳಗಿನವರೆಗೆ ಯಕ್ಷಗಾನ ನೋಡುವ ಜನ ಇಲ್ಲಿದ್ದಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೈಸೂರಿನ ರಂಗಾಯಣ 2010ರಲ್ಲಿ, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಒಂದಲ್ಲ ನಾಲ್ಕು ರಂಗಸ್ಥಳಗಳಲ್ಲಿ ಒಂಬತ್ತು ಗಂಟೆ ಆಡಿ ತೋರಿಸಿತು. ಜನ ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದಕ್ಕೆ ನಡೆದು ನೋಡಿದರು. ದೊಡ್ಡ ಕಾದಂಬರಿಗೆ ದೊಡ್ಡ ಹೊತ್ತು ಬೇಕು ಎಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ನಮ್ಮ ಕೋರಿಕೆಗಳು.

ಕರಪತ್ರದಲ್ಲಿ ಪ್ರತಿಯ ವಿವರ ಹಾಕಿ: 10 ರೀಲಿನದೋ, 1999ರ ಪುನರ್‌ರಚನೆಯೋ, ಯಾವ ವೇಗ, ಎಷ್ಟು ನಿಮಿಷ, ಸಂಗೀತ ಯಾರದು. 1999ರದ್ದು 239 ನಿಮಿಷದ ಆವೃತ್ತಿ. ರಿಕ್ ಶ್ಮಿಡ್ಲಿನ್ ಅವರು ಸ್ಟ್ರೋಹೈಮ್‌ರ 330 ಪುಟದ ಚಿತ್ರಕತೆಯನ್ನು ಆಧಾರವಾಗಿಟ್ಟುಕೊಂಡು, ಉಳಿದ ಚಿತ್ರಭಾಗದ ನಡುವೆ ಸುಮಾರು 650 ಸ್ಥಿರಚಿತ್ರಗಳನ್ನು ಸೇರಿಸಿ, ಕಳೆದುಹೋದ ಕತೆಯ ಸಾಲನ್ನು ಕಟ್ಟಿಕೊಟ್ಟರು. ಚಿನ್ನದ ವಸ್ತುಗಳಿಗೆ ಮಾತ್ರ ಹಳದಿ ಬಣ್ಣ ಹಚ್ಚಿಸಿದ್ದ ಸ್ಟ್ರೋಹೈಮ್‌ರ ಯೋಜನೆಯೂ ಅದರಲ್ಲಿ ಮರಳಿ ಬಂದಿದೆ. ಉಪಕಾರದ ಕೆಲಸ, ಸಂಶಯವಿಲ್ಲ. ಆದರೆ ಮೊದಲ ಸಲ ನೋಡುವವರಿಗೆ ಇದನ್ನು ತೋರಿಸಬೇಡಿ. ಸ್ಥಿರಚಿತ್ರದ ಮೇಲೆ ಕ್ಯಾಮರಾ ಸರಿದಾಡುವುದು ಒಂದು ಲಯ, ಸ್ಟ್ರೋಹೈಮ್‌ರ ಚಲಿಸುವ ದೃಶ್ಯ ಇನ್ನೊಂದು ಲಯ. ಎರಡೂ ಬೆರೆತಾಗ ಹೊಸಬರಿಗೆ ಚಿತ್ರವೇ ಜಡವೆನಿಸುತ್ತದೆ. ಮೊದಲ ಸಂಜೆ 10 ರೀಲು, ವಾರ ಬಿಟ್ಟು 239 ನಿಮಿಷದ್ದು, ನಡುವೆ ಒಂದು ವಿರಾಮ. ಚರ್ಚೆಯನ್ನು ಎರಡನೆಯ ಸಂಜೆಗೆ ಇಟ್ಟುಕೊಳ್ಳಿ.

ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಟೈಟಲ್ ಕಾರ್ಡುಗಳನ್ನು ಕನ್ನಡಕ್ಕೆ ತನ್ನಿ. 1924ರ ಚಿತ್ರಕ್ಕೆ ನಮ್ಮ ದೇಶದ 60 ವರ್ಷದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಅಮೆರಿಕದಲ್ಲೂ 2020ರ ಜನವರಿ 1ರಿಂದ ಅದು ಸಾರ್ವಜನಿಕ ಸ್ವತ್ತು. 1999ರ ಪುನರ್‌ರಚನೆಗೂ ಅದರ ಸಂಗೀತಕ್ಕೂ ಹಕ್ಕು ಬೇರೆ ಇದೆ, ಅದನ್ನು ಮುಟ್ಟುವಂತಿಲ್ಲ. ಹಳೆಯ 10 ರೀಲಿನ ಮೇಲೆ ಕೆಲಸ ಮಾಡಲು ಅಡ್ಡಿಯಿಲ್ಲ. ಮೂಕಿ ಚಿತ್ರಕ್ಕೆ ಕನ್ನಡ ತೊಡಿಸುವುದು ಮಾತಿನ ಚಿತ್ರಕ್ಕಿಂತ ಸುಲಭ, ತುಟಿಯ ಚಲನೆಗೆ ಹೊಂದಿಸುವ ಗೋಳಿಲ್ಲ. ಪ್ರತಿ ಕಾರ್ಡಿನ ಆರಂಭ, ಅಂತ್ಯದ ಸಮಯ ಗುರುತಿಸಿ, ಪರದೆಯ ಮೇಲೆ ಅಕ್ಷರ ಮೂಡಿಸುವ ಎಸ್‌ಆರ್‌ಟಿ ಕಡತ ಮಾಡಿ, ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ. ಬೇರೆ ರೂಪದಲ್ಲಿ ಉಳಿಸಿದರೆ ಅಕ್ಷರದ ಬದಲು ಚೌಕಗಳು ಬರಬಹುದು. ಎರಡು ಸಾಲು ಮೀರದಿರಲಿ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕಾರ್ಡು ಪರದೆಯ ಮೇಲಿರುವ ಹೊತ್ತಿನಲ್ಲಿ ಕನ್ನಡದ ಮಾತನ್ನು ಗಟ್ಟಿಯಾಗಿ, ಅವಸರವಿಲ್ಲದೆ ಎರಡು ಸಲ ಓದಲಾಗದಿದ್ದರೆ ಮಾತನ್ನು ಚಿಕ್ಕದು ಮಾಡಿ. ವಿಎಲ್‌ಸಿಯಲ್ಲಿ ವೇಗ ಇಳಿಸಿದರೆ ಅಕ್ಷರಗಳೂ ಜೊತೆಗೆ ನಿಧಾನವಾಗುತ್ತವೆ. ಆದರೆ ನಿಧಾನ ಮಾಡಿದ ಹೊಸ ವಿಡಿಯೊ ಕಡತವನ್ನೇ ತಯಾರಿಸಿದರೆ, 24ರಿಂದ 20ಕ್ಕೆ ಇಳಿಸಿದಾಗ, ಎಲ್ಲ ಸಮಯವನ್ನೂ 1.2ರಿಂದ ಗುಣಿಸಬೇಕು. ಇದನ್ನು ಮರೆತರೆ ಮೊದಲ ರೀಲು ಮುಗಿಯುವಷ್ಟರಲ್ಲೇ ಎರಡು ನಿಮಿಷದ ವ್ಯತ್ಯಾಸ ಬಂದಿರುತ್ತದೆ, ಕೊನೆಯ ರೀಲಿನ ಹೊತ್ತಿಗೆ ಮಾತು ಚಿತ್ರಕ್ಕಿಂತ ಇಪ್ಪತ್ತು ನಿಮಿಷ ಮುಂದೆ ಓಡಿರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಮ್ಯಾಕ್‌ಟೀಗ್ ಗಣಿಯಲ್ಲಿ ಬೆಳೆದವನು, ಟ್ರೀನಾಳ ಮನೆಯವರು ಜರ್ಮನ್ ಉಚ್ಚಾರದ ಇಂಗ್ಲಿಷ್ ಆಡುವ ವಲಸಿಗರು. ಅವರ ಬಾಯಲ್ಲಿ ಪತ್ರಿಕೆಯ ಸಂಪಾದಕೀಯದ ಕನ್ನಡ ಬೇಡ. ಹಾಗೆಂದು ಅವರನ್ನು ನಮ್ಮ ಯಾವುದೋ ಒಂದು ಸೀಮೆಯವರನ್ನಾಗಿಯೂ ಮಾಡಬೇಡಿ. ಬಿಡಿ ಮಾತು, ಚಿಕ್ಕ ವಾಕ್ಯ ಸಾಕು.

ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1970ರ ದಶಕದಲ್ಲೇ ಹಳ್ಳಿಯ ಜನರೆದುರು ಲೋಕದ ಚಿತ್ರಗಳನ್ನಿಟ್ಟಿತು. ಆಗ 16 ಎಂಎಂ ಪ್ರತಿಗೆ ಕಾಯಬೇಕಿತ್ತು. ಇಂದು ಬೇಕಿರುವುದು ಒಂದು ಲ್ಯಾಪ್‌ಟಾಪು, ಸಾಧಾರಣ ಪ್ರೊಜೆಕ್ಟರು, ನಾಲ್ಕಾರು ಜನರ ಎರಡು ವಾರದ ಕೆಲಸ. ಯಾವುದಾದರೂ ಒಂದು ಬಳಗ ಕನ್ನಡದ ಕಾರ್ಡುಗಳನ್ನು ಮಾಡಿದರೆ ಉಳಿದವರೆಲ್ಲ ಬಳಸಬಹುದು. ಕೆಲಸ ಶುರು ಮಾಡುವವರು ಮೊದಲು ಮದುವೆಯ ಭಾಗವನ್ನು ಎತ್ತಿಕೊಳ್ಳಿ. ಕಾರ್ಡು, ವೇಗ, ಬೆಳಕು ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಜಾಗ ಚಿತ್ರದಲ್ಲಿ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಮೂಕಿ ಚಿತ್ರಗಳ ಕೆಲವು ಅಭ್ಯಾಸಿಗಳು